ಸಾಲದ ಮನೆಯ ಧರ್ಮ

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಜನಿಗೆ ಹಾಕಿದ ಪ್ರಶ್ನೆಗಳಲ್ಲಿ ಸುಖಿ ಯಾರು ಎಂಬುದೂ ಒಂದು. ಧರ್ಮರಾಜನು ಕೊಟ್ಟ ಉತ್ತರ ಬಹು ಚಿಕ್ಕದು. ಹೊತ್ತು ಮೀರಿಯಾದರೂ ಸರಿಯೆ, ಬರಿಯ ಸೊಪ್ಪನ್ನಾದರೂ ಸರಿಯೆ, ತನ್ನ ಮನೆಯಲ್ಲಿಯೇ ಬೇಯಿಸಿಕೊಂಡು ತಿನ್ನುವವನು, ಸಾಲವಿಲ್ಲದವನು, ಮನೆ ಬಿಟ್ಟು ಪರಸ್ಥಳದಲ್ಲಿ ಇರದವನು ಸುಖಿ. ಇಷ್ಟನ್ನು ಹೇಳುವಾಗ ಅವನ ನಾಲ್ವರು ತಮ್ಮಂದಿರು ಕೊಳದ ದಡದಲ್ಲಿ ನಿಶ್ಚೇಷ್ಟಿತರಾಗಿ ಬಿದ್ದಿದ್ದಾರೆ. ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡು, ಕಾಡಿನಲ್ಲಿ ಹನ್ನೆರಡು ವರ್ಷ ಅಲೆದವನ ಬಾಯಿಂದ ಬಂದ ಮಾತು ಅದು. ಮನೆಯೂ ಇಲ್ಲದ, ನೆಲೆಯೂ ಇಲ್ಲದ ಮನುಷ್ಯನು ಸುಖದ ಲಕ್ಷಣವನ್ನು ಹೇಳುವಾಗ ಅರಮನೆಯನ್ನಾಗಲಿ ಸಿಂಹಾಸನವನ್ನಾಗಲಿ ನೆನೆಯಲಿಲ್ಲ. ಸಾಲವಿಲ್ಲದ ಒಂದು ಒಲೆಯನ್ನು ನೆನೆದನು.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಈ ಉತ್ತರ ಸ್ವಲ್ಪ ಕಠಿಣವಾಗಿಯೇ ಕೇಳಿಸೀತು. ಪ್ರವಾಸಿಯಲ್ಲದವನು ಎಂಬ ಮಾತಿನಲ್ಲಿಯೇ ಅವನು ಸೋತನು. ಸಾಲವಿಲ್ಲದವನು ಎಂಬ ಮಾತಾದರೂ ಉಳಿಯಿತೆಂದು ನೋಡಿದರೆ, ನಗರದಲ್ಲಿ ತಲೆಯ ಮೇಲೊಂದು ಸೂರು ಬೇಕಾದರೆ ಬ್ಯಾಂಕಿನ ಕಾಗದಗಳಿಗೆ ರುಜು ಹಾಕದೆ ನಿರ್ವಾಹವಿಲ್ಲ. ಸುಖಿಯಾಗಲು ಬೇಕಾದ ಎರಡು ಅರ್ಹತೆಗಳೂ ತಪ್ಪಿದ ಗೃಹಸ್ಥನು ಧರ್ಮವನ್ನು ಹೇಗೆ ನಡೆಸಬೇಕು? ತನ್ನದಲ್ಲದ ಹಣ ಮನೆಯಲ್ಲಿರುವಾಗ ಅವನು ದಾನ ಕೊಡಬಹುದೆ, ಉಡುಗೊರೆ ಮಾಡಬಹುದೆ, ಹಬ್ಬವನ್ನು ಹಬ್ಬದಂತೆ ಆಚರಿಸಬಹುದೆ? ನವರಾತ್ರಿಯ ದಿನಗಳಲ್ಲಿ ಈ ಪ್ರಶ್ನೆ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಮೆಲುದನಿಯಲ್ಲಿ ಏಳುತ್ತದೆ, ಉತ್ತರ ಸಿಗದೆ ಅಲ್ಲಿಯೇ ಅಡಗುತ್ತದೆ.

ಕನ್ನಡದಲ್ಲಿ ಇದಕ್ಕೆ ಸಂಬಂಧಿಸಿದಂತೆ ಎರಡು ಮಾತುಗಳಿವೆ. ಒಂದು ಸಾಲ, ಇನ್ನೊಂದು ಋಣ. ಅಂಗಡಿಯವನಿಗೆ ಕೊಡಬೇಕಾದುದು ಸಾಲ. ತಾಯಿಗೆ, ಅನ್ನವಿಟ್ಟವರಿಗೆ, ಹುಟ್ಟಿದ ಮಣ್ಣಿಗೆ ಸಲ್ಲಬೇಕಾದುದು ಋಣ. ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿಯೇ ಹುಟ್ಟುತ್ತಾನೆಂಬ ಭಾವನೆ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಅಲ್ಲಿ ಋಣವೆಂದರೆ ಅವಮಾನವಲ್ಲ. ಅದು ಹುಟ್ಟಿನ ಜೊತೆಗೇ ಬಂದ ಸಂಬಂಧ. ಅಧ್ಯಯನದಿಂದ, ಯಜ್ಞದಿಂದ, ಸಂತಾನದಿಂದ ಅದನ್ನು ತೀರಿಸಬೇಕೆಂದು ಹೇಳಿದರೇ ಹೊರತು ಹಣದಿಂದ ತೀರಿಸಬೇಕೆಂದು ಹೇಳಲಿಲ್ಲ. ಸಾಲಕ್ಕಾದರೋ ತಾರೀಖು ಉಂಟು, ಬಡ್ಡಿಯ ದರ ಉಂಟು, ಕೆಳಗೆ ರುಜು ಉಂಟು. ಈ ಎರಡು ಮಾತುಗಳು ಒಂದಕ್ಕೊಂದು ಬೆರೆತುಹೋಗುವ ಕಡೆಯಲ್ಲಿಯೇ ಮನೆಯ ಲೆಕ್ಕ ತಪ್ಪತೊಡಗುತ್ತದೆ.

ಉದಾಹರಣೆಗೆ ಡೊಂಬಿವಲಿಯಲ್ಲಿ ಎರಡು ಕೋಣೆಯ ಸ್ವಂತ ಮನೆ ಮಾಡಿಕೊಂಡ ಒಂದು ಸಂಸಾರವನ್ನು ಊಹಿಸಬಹುದು. ಗಂಡನು ಯಾವುದೋ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಹಗಲೆಲ್ಲ ಪರರ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವವನು. ಕೈಗೆ ಬರುವ ಸಂಬಳ 62,000 ರೂಪಾಯಿ. ಮನೆಯ ಸಾಲದ ಕಂತು 24,000. ಸೊಸೈಟಿಗೆ 3,000. ಮಕ್ಕಳ ಶಾಲೆಗೆ 6,000. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ 14,500. ವಿದ್ಯುತ್ತು, ಗ್ಯಾಸು, ಫೋನು, ರೈಲ್ವೆ ಪಾಸು 4,500. ಊರಿನಲ್ಲಿರುವ ತಾಯಿಯ ಔಷಧಕ್ಕೆ 4,000. ಮಗಳ ಹೆಸರಿನಲ್ಲಿ ಆಭರಣದಂಗಡಿಯ ಮಾಸಿಕ ಸ್ಕೀಮಿಗೆ 2,500. ಒಟ್ಟು 58,500. ಉಳಿಯುವುದು 3,500. ಇಷ್ಟೇ ಆಗಿದ್ದರೆ ಬಿಗಿಯಾದರೂ ಸಂಸಾರ ಸಾಗುತ್ತಿತ್ತು. ಆದರೆ ಕಳೆದ ವರ್ಷ ಧಾರವಾಡದ ಕಡೆ ಅಕ್ಕನ ಮಗಳ ಮದುವೆಯಾಯಿತು. ಸೋದರಮಾವನೆಂದ ಮೇಲೆ, ಅದರಲ್ಲಿಯೂ ಮುಂಬಯಿಯ ಸೋದರಮಾವನೆಂದ ಮೇಲೆ, ಬರಿಗೈಯಲ್ಲಿ ಹೋಗಲಾದೀತೆ? ಸೀರೆಗಳು, ಬೆಳ್ಳಿಯ ತಟ್ಟೆ, ನಾಲ್ವರ ಪ್ರಯಾಣ, ಎಲ್ಲ ಸೇರಿ ಕ್ರೆಡಿಟ್ ಕಾರ್ಡಿನಲ್ಲಿ 50,000 ನಿಂತುಹೋಯಿತು.

ಪ್ರತಿ ತಿಂಗಳ ಮೊದಲ ತಾರೀಖು ದಂಪತಿಗಳು ಒಂದು ನೋಟುಪುಸ್ತಕ ತೆರೆದು ಆಯವ್ಯಯದ ಪಟ್ಟಿ ಬರೆಯುತ್ತಾರೆ. ಕಾರ್ಡಿಗೆ 2,500, ಇತರೆ ಖರ್ಚಿಗೆ 1,000 ಎಂದು ಕೊನೆಯ ಸಾಲು. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಹತ್ತನೆಯ ತಾರೀಖಿಗೆ ಪಕ್ಕದ ಮನೆಯವರ ಗೃಹಪ್ರವೇಶ ಬರುತ್ತದೆ. ಹದಿನೈದರ ಸುಮಾರಿಗೆ ಊರಿನಿಂದ ಬಂದ ಚಿಕ್ಕಪ್ಪನವರನ್ನು ಸಿದ್ಧಿವಿನಾಯಕನ ದರ್ಶನಕ್ಕೆ ಟ್ಯಾಕ್ಸಿಯಲ್ಲಿ ಕರೆದೊಯ್ಯಬೇಕಾಗುತ್ತದೆ. ಮಠದಿಂದ ಒಬ್ಬರು ರಶೀದಿ ಪುಸ್ತಕ ಹಿಡಿದು ಬರುತ್ತಾರೆ. ಕನ್ನಡ ಸಂಘದವರೂ ಬರುತ್ತಾರೆ, ಇಂಥ ಸ್ಮರಣ ಸಂಚಿಕೆಗಳು ಆಕಾಶದಿಂದ ಉದುರುವುದಿಲ್ಲವಷ್ಟೆ. ‘ಇತರೆ’ ಎಂಬ ಒಂದು ಸಾವಿರ ತಿಂಗಳ ಕೊನೆಗೆ ಐದು ಸಾವಿರವಾಗಿರುತ್ತದೆ. ಹೆಚ್ಚಿನದೆಲ್ಲ ಮತ್ತೆ ಅದೇ ಕಾರ್ಡಿಗೆ ಹೋಗಿ ಕೂರುತ್ತದೆ.

ಈ ಮನೆಯಲ್ಲಿ ಕುಡುಕರಿಲ್ಲ, ಜೂಜುಕೋರರಿಲ್ಲ, ಶೋಕಿಯವರಿಲ್ಲ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬುದು ಚಾರ್ವಾಕರ ಮತವೆಂದು ಪ್ರತೀತಿ. ಈ ಮನೆಯಲ್ಲಿ ತುಪ್ಪ ತಿಂದವರು ಯಾರೂ ಇಲ್ಲ, ತಿನ್ನಿಸಿದವರು ಮಾತ್ರ ಇದ್ದಾರೆ. ಆದುದರಿಂದಲೇ ಇದು ಜಟಿಲವಾದ ಪ್ರಶ್ನೆ. ದುರ್ವ್ಯಸನದಿಂದ ಹಾಳಾದವನಿಗೆ ಬುದ್ಧಿ ಹೇಳುವುದು ಸುಲಭ. ಒಳ್ಳೆಯತನದಿಂದ ಹಾಳಾಗುತ್ತಿರುವವನಿಗೆ ಯಾವ ಬುದ್ಧಿ ಹೇಳಬೇಕು?

ಮೊದಲು ಬಡ್ಡಿಯ ವಿಷಯವನ್ನು ನೋಡಬೇಕು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ ಮೂರೂವರೆಯ ಸುಮಾರಿಗೆ ಬಡ್ಡಿ ಹಾಕುವುದು ಸಾಮಾನ್ಯ. 50,000ಕ್ಕೆ 1,750 ಆಯಿತು. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಎಂದರೆ 315. ಕಟ್ಟಿದ 2,500ರಲ್ಲಿ 2,065 ಹೀಗೆ ಹೋಗಿ ಅಸಲಿಗೆ ಸಲ್ಲುವುದು 435 ಮಾತ್ರ. ಹೊಸದಾಗಿ ಒಂದು ಪೈಸೆಯನ್ನೂ ಸೇರಿಸದಿದ್ದರೂ ಆ ಮದುವೆಯ ಸಾಲ ತೀರಲು ಮೂರೂವರೆ ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಕಟ್ಟಿದ ಹಣ ಒಂದು ಲಕ್ಷವನ್ನು ಮೀರಿರುತ್ತದೆ. ಸಾಲ ತರುವಾಗಿನ ಸುಖವನ್ನೂ ಹಿಂತಿರುಗಿಸುವಾಗಿನ ಸಂಕಟವನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಸರ್ವಜ್ಞನ ತ್ರಿಪದಿ ಕನ್ನಡಿಗರೆಲ್ಲರಿಗೂ ಬಾಯಿಪಾಠ. ಆದರೆ ಸರ್ವಜ್ಞನ ಕಾಲದ ಸಾಲಗಾರನ ಮನೆಬಾಗಿಲಿಗೆ ಸಾಹುಕಾರನು ಬಂದು ನಿಲ್ಲುತ್ತಿದ್ದನು, ಮುಖ ನೋಡಿದ ಕೂಡಲೆ ಭಯವಾಗುತ್ತಿತ್ತು. ಇಂದಿನ ಸಾಲಕ್ಕೆ ಮುಖವಿಲ್ಲ. ಅಂಗಡಿಯಲ್ಲಿ ಕಾರ್ಡು ಮುಟ್ಟಿಸಿದರೆ ಸಾಕು, ನಾಚಿಕೆಯೂ ಹತ್ತಿರ ಸುಳಿಯುವುದಿಲ್ಲ. ಬಡ್ಡಿಯು ಒಮ್ಮೆಗೆ ಅಸಲಿನಷ್ಟನ್ನು ಮೀರಬಾರದೆಂದು ಮನುಸ್ಮೃತಿ ವಿಧಿಸಿತ್ತು. ದಾಮ್‌ದುಪಟ್ ಎಂಬ ಹೆಸರಿನಿಂದ ಆ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಮನ್ನಿಸುತ್ತಿದ್ದವು. ತಿಂಗಳು ತಿಂಗಳೂ ಕಟ್ಟುತ್ತ ಹೋಗುವ ಬಡ್ಡಿಗೆ ಆ ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಆದರೆ ಬಡ್ಡಿಯ ಲೆಕ್ಕ ಆ ಲೆಕ್ಕಿಗನಿಗೆ ತಿಳಿಯದುದೇನಲ್ಲ. ತಿಳಿದೂ ಪಟ್ಟಿ ನಿಲ್ಲುವುದಿಲ್ಲ. ಏಕೆಂಬುದಕ್ಕೆ ಸುಳಿವು ಶ್ರೀಮದ್ಭಾಗವತದ ಎಂಟನೆಯ ಸ್ಕಂಧದಲ್ಲಿ ದೊರೆಯುತ್ತದೆ. ವಾಮನನು ಮೂರು ಹೆಜ್ಜೆ ನೆಲ ಕೇಳಿದಾಗ ಶುಕ್ರಾಚಾರ್ಯರು ಬಲಿಯನ್ನು ತಡೆಯುತ್ತಾರೆ. ಜೀವನೋಪಾಯವನ್ನೇ ಕೆಡಿಸುವ ದಾನವನ್ನು ತಿಳಿದವರು ಹೊಗಳುವುದಿಲ್ಲ, ಗಳಿಸಿದ್ದನ್ನು ಐದು ಪಾಲು ಮಾಡಬೇಕು, ಒಂದು ಧರ್ಮಕ್ಕೆ, ಒಂದು ಯಶಸ್ಸಿಗೆ, ಒಂದು ಮತ್ತಷ್ಟು ಸಂಪಾದನೆಗೆ, ಒಂದು ಭೋಗಕ್ಕೆ, ಒಂದು ಸ್ವಜನರಿಗೆ ಎಂದು ಹೇಳುತ್ತಾರೆ. ಪುರಾಣದ ನಡುವೆ ಸಿಕ್ಕಿದ ಸೊಗಸಾದ ಆಯವ್ಯಯ ಪತ್ರವಿದು. ಬಲಿಯು ಒಪ್ಪಲಿಲ್ಲ, ಕೊಟ್ಟೇಬಿಟ್ಟನು, ಭಗವಂತನ ಪಾದವನ್ನು ತಲೆಯ ಮೇಲೆ ಹೊತ್ತನು. ಅಂದಿನಿಂದ ಶುಕ್ರಾಚಾರ್ಯರ ಮಾತು ಜಿಪುಣನ ಮಾತೆಂದು ಹಿಂದೆ ಬಿತ್ತು. ಹರಿಕಥೆಗಳಲ್ಲಿ ಜನ ನಗುವುದೂ ಅವರನ್ನು ನೋಡಿಯೇ. ಆದರೆ ಒಂದನ್ನು ಗಮನಿಸಬೇಕು. ಬಲಿಯು ಕೊಟ್ಟದ್ದು ತಾನು ಗೆದ್ದ ಲೋಕವನ್ನು, ಕೊನೆಗೆ ತನ್ನ ತಲೆಯನ್ನು. ಯಾರ ಬಳಿಯೂ ಕಡ ತಂದು ಕೊಡಲಿಲ್ಲ. ಬಲಿಯ ದೃಷ್ಟಾಂತವು ಸಾಲಗಾರನಿಗೆ ಸಲ್ಲದು. ಸಾಲಗಾರನಿಗೆ ಹೇಳಿದ್ದರೆ ಶುಕ್ರಾಚಾರ್ಯರು ಐದು ಪಾಲಿಗೆ ಮೊದಲೇ ಪರರ ಪಾಲನ್ನು ಎತ್ತಿಡು ಎನ್ನುತ್ತಿದ್ದರೆಂದು ಊಹಿಸುವುದರಲ್ಲಿ ತಪ್ಪಿಲ್ಲ.

ಶುಕ್ರಾಚಾರ್ಯರ ಪಟ್ಟಿಯ ದೊಡ್ಡ ಗುಣವೆಂದರೆ ಅದರ ಪ್ರಾಮಾಣಿಕತೆ. ಯಶಸ್ಸಿಗೂ ಹಣ ಖರ್ಚಾಗುತ್ತದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅದಕ್ಕೆ ಬೇರೆಯೇ ಖಾತೆ ತೆರೆದರು. ಡೊಂಬಿವಲಿಯ ನೋಟುಪುಸ್ತಕದಲ್ಲಿ ಆ ಖಾತೆಯೇ ಇಲ್ಲ. ಗೃಹಪ್ರವೇಶದ ಉಡುಗೊರೆ ‘ಧರ್ಮ’. ಚಿಕ್ಕಪ್ಪನ ಟ್ಯಾಕ್ಸಿ ‘ಅತಿಥಿಸತ್ಕಾರ’. ಬೆಳ್ಳಿಯ ತಟ್ಟೆ ‘ಕರ್ತವ್ಯ’. ಅತಿಥಿಯನ್ನು ಸತ್ಕರಿಸುವುದು ಧರ್ಮವೆಂಬುದು ನಿಜ. ಚಿಕ್ಕಪ್ಪನಿಗೆ ಊಟವಿಡುವುದು, ಜೊತೆಗೆ ಬರುವುದು, ಮೆಟ್ಟಿಲಿಳಿಯುವಾಗ ಕೈಹಿಡಿಯುವುದು ಆ ಧರ್ಮ. ರೈಲಿನ ಗದ್ದಲದಲ್ಲಿ ನಿಲ್ಲಲಾರದ ವಯಸ್ಸಾಗಿದ್ದರೆ ಟ್ಯಾಕ್ಸಿಯೂ ಧರ್ಮವೇ. ರೈಲಿನಲ್ಲಿ ಕರೆದೊಯ್ದರೆ ಊರಿಗೆ ಹೋಗಿ ಏನು ಹೇಳಿಯಾರು ಎಂಬ ಅಂಜಿಕೆಯಿಂದ ಹಿಡಿದ ಟ್ಯಾಕ್ಸಿ ಯಶಸ್ಸಿನ ಖಾತೆಗೆ ಸೇರಬೇಕು. ಬಾಡಿಗೆ ಒಂದೇ, ಖಾತೆ ಬೇರೆ. ಯಶಸ್ಸಿನ ಖರ್ಚನ್ನು ಧರ್ಮದ ಖಾತೆಗೆ ಬರೆದಾಗ ಅದನ್ನು ಕಡಿಮೆ ಮಾಡಲು ಕೈ ಬರುವುದಿಲ್ಲ, ಏಕೆಂದರೆ ಧರ್ಮವನ್ನು ಕಡಿಮೆ ಮಾಡಲು ಯಾವ ಗೃಹಸ್ಥನಿಗೂ ಮನಸ್ಸಾಗದು. ಪಟ್ಟಿ ಮುರಿಯುವುದು ಇಲ್ಲಿ, ಕೂಡುವ ಕಳೆಯುವ ಕಡೆಯಲ್ಲಲ್ಲ.

ಪ್ರವಾಸಿ ಕನ್ನಡಿಗನಲ್ಲಿ ಈ ಯಶಸ್ಸಿನ ಖಾತೆ ಊರಿನಲ್ಲಿದ್ದವನದಕ್ಕಿಂತ ದೊಡ್ಡದಾಗಿರಲು ಇನ್ನೊಂದು ಕಾರಣವೂ ಉಂಟು. ಊರಿನಲ್ಲಿ ಉಳಿದ ಅಣ್ಣನು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ, ಶ್ರಾದ್ಧಕ್ಕೆ ಪುರೋಹಿತರನ್ನು ಹುಡುಕುತ್ತಾನೆ, ಸೋರುವ ಮನೆಯ ಹೆಂಚನ್ನು ಸರಿಮಾಡಿಸುತ್ತಾನೆ. ನಗರದವನು ದೂರದಲ್ಲಿದ್ದಾನೆ. ತಾನು ಬಿಟ್ಟುಬಂದೆನೆಂಬ ಒಂದು ಮುಳ್ಳು ಅವನ ಒಳಗಿದೆ. ಅದು ಋಣ. ಹೋಗಿ ಇರಲಾರದುದಕ್ಕೆ, ಸೇವೆ ಮಾಡಲಾರದುದಕ್ಕೆ ಬದಲಾಗಿ ಅವನು ವಸ್ತುಗಳನ್ನು ಒಯ್ಯುತ್ತಾನೆ. ವಸ್ತು ಕೊಳ್ಳಲು ಸಾಲ ಮಾಡುತ್ತಾನೆ. ಬೆಳ್ಳಿಯ ತಟ್ಟೆಯಿಂದ ಋಣ ತೀರಲಿಲ್ಲ, ಏಕೆಂದರೆ ಆ ಋಣ ಬೆಳ್ಳಿಯದಾಗಿರಲಿಲ್ಲ. ಸಾಲ ಮಾತ್ರ ಉಳಿಯಿತು. ಮುಂದಿನ ವರ್ಷ ಮತ್ತೊಂದು ಮದುವೆ ಬಂದಾಗ ಮುಳ್ಳು ಮತ್ತೆ ಚುಚ್ಚುತ್ತದೆ.

ಸಾಲದ ಮನೆಯಲ್ಲಿ ನಡೆಯುವ ದಾನದ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ಮೃದುವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಭಾರತದ ಬಹುಭಾಗದ ಹಿಂದೂ ನ್ಯಾಯಕ್ಕೆ ಆಧಾರವಾದ ಗ್ರಂಥವಿದು. ತಂದೆಯು ಮಾಡಿದ ಯಾವ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನು ಹೇಳುವ ಕಡೆ ಕುಡಿತದ ಸಾಲ, ಕಾಮದ ಸಾಲ, ಜೂಜಿನ ಸಾಲಗಳ ಸಾಲಿನಲ್ಲಿಯೇ ವೃಥಾದಾನವನ್ನೂ ಸೇರಿಸಿದ್ದಾನೆ. ಹೊಗಳುಭಟರಿಗೆ, ಧೂರ್ತರಿಗೆ, ಮಲ್ಲರಿಗೆ ಕೊಡಲು ಒಪ್ಪಿದ ಹಣ ವೃಥಾದಾನವೆಂದು ವ್ಯಾಖ್ಯಾನ. ಕೀರ್ತಿಗಾಗಿ ಕೊಟ್ಟದ್ದನ್ನು ಹೆಂಡದಂಗಡಿಯ ಬಾಕಿಯ ಪಕ್ಕದಲ್ಲಿ ಕೂರಿಸಲು ಆ ಋಷಿಗೆ ಸಂಕೋಚವೆನಿಸಲಿಲ್ಲ. ಕುಟುಂಬದ ಪೋಷಣೆಗೆ ಮಾಡಿದ ಸಾಲವನ್ನಾದರೋ ಕುಟುಂಬವೆಲ್ಲ ಹೊರಬೇಕೆಂದನು. ಹಾಗಲ್ಲದೆ ಗಂಡನು ಮಾಡಿದ ಸಾಲ ಹೆಂಡತಿಯ ಮೇಲೆ ಬೀಳಬಾರದೆಂದೂ ಹೇಳಿದನು. ತಂದೆಯ ಸಾಲ ತೀರಿಸುವ ಮಗನ ಧಾರ್ಮಿಕ ಹೊಣೆಯನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಆ ಬಳಿಕ ಮಾಡಿದ ಸಾಲಗಳ ಮಟ್ಟಿಗೆ ಇಲ್ಲವಾಗಿಸಿದೆ. ಕಾನೂನು ಬಿಟ್ಟರೂ ಮನೆ ಬಿಡುವುದಿಲ್ಲ. ಮೊದಲು ಗಿರವಿ ಅಂಗಡಿಗೆ ಹೋಗುವುದು ಹೆಂಡತಿಯ ಬಳೆಗಳೇ.

ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇನ್ನೂ ಕಟುವಾದ ಮಾತುಂಟು. ತನ್ನವರು ಕಷ್ಟದಲ್ಲಿರುವಾಗ ಹೊರಗಿನವರಿಗೆ ಕೊಡುವವನ ದಾನವು ಮೊದಲು ಜೇನು, ರುಚಿ ನೋಡಿದರೆ ವಿಷ. ಅದು ಧರ್ಮವಲ್ಲ, ಧರ್ಮಪ್ರತಿರೂಪಕ. ಧರ್ಮದಂತೆ ಕಾಣುವ ಧರ್ಮವಲ್ಲದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ಕೊಡುವುದನ್ನು ನಿಲ್ಲಿಸಿದರೆ ಸಂಬಂಧಗಳು ಒಣಗಿಹೋಗುತ್ತವೆ. ಸಂಸಾರವೆಂದರೆ ಬ್ಯಾಂಕಲ್ಲ. ಸಾಲ ತೀರಿದ ಮೇಲೆ ಉದಾರಿಯಾಗುತ್ತೇನೆನ್ನುವವನು ಉದಾರಿಯಾದುದನ್ನು ಯಾರೂ ಕಂಡಿಲ್ಲ. ಬಿಗಿಹಿಡಿದ ಕೈ ಬಿಗಿದೇ ಉಳಿಯುವ ಭಯವುಂಟು. ಅದಕ್ಕಿಂತಲೂ ಸೂಕ್ಷ್ಮವಾದುದು ಇನ್ನೊಂದು. ಅಕ್ಕನ ಮಗಳಿಗೆ ಕೊಟ್ಟ ಬೆಳ್ಳಿಯ ತಟ್ಟೆ ಮಾವನ ಕೀರ್ತಿಗೆ ಮಾತ್ರವೆ? ಗಂಡನ ಮನೆಯಲ್ಲಿ ಅಕ್ಕನ ಮಾತಿಗೆ ಬೆಲೆ ಬರುವುದು ಆಕೆಯ ತವರಿನವರು ಏನು ತಂದರೆಂಬುದರ ಮೇಲೂ ನಿಂತಿರುತ್ತದೆ. ಆ ಯಶಸ್ಸು ಕೊಟ್ಟವನದಲ್ಲ, ಪಡೆದವಳದು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಯಾರೂ ನೋಡದಿದ್ದರೆ ಕೊಡುತ್ತಿದ್ದನೆ ಎಂಬ ಸಾಮಾನ್ಯವಾದ ಒರೆಗಲ್ಲು ಇಲ್ಲಿ ನಡೆಯದು, ಏಕೆಂದರೆ ನಾಲ್ವರು ನೋಡುವುದೇ ಅಕ್ಕನಿಗೆ ಬೇಕಾಗಿತ್ತು. ಆದರೂ ಒಂದು ಮಾತು ಉಳಿಯುತ್ತದೆ. ತಟ್ಟೆಯು ಸಾಲದ ತಟ್ಟೆಯೆಂಬುದು ಅಕ್ಕನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬೇಕೆನ್ನುತ್ತಿದ್ದಳೆ, ಬೇಡವೆನ್ನುತ್ತಿದ್ದಳೆ ಎಂಬುದನ್ನು ನಿರ್ಧರಿಸುವ ಅವಕಾಶವನ್ನು ತಮ್ಮನು ಅವಳಿಗೆ ಕೊಡಲಿಲ್ಲ. ತನ್ನ ಮೇಲಿನ ಹೊರೆ ಅವಳಿಗೆ ತಿಳಿಯದಂತೆ ಕಾಯುವುದು ಪ್ರೀತಿಯೆಂದುಕೊಂಡನು.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಬರುವ ಕೌತ್ಸನ ಕಥೆಯನ್ನು ವಿಜಯದಶಮಿಯೊಡನೆ ಜನ ಜೋಡಿಸಿಕೊಂಡಿದ್ದಾರೆ. ಆ ದಿನ ಕರ್ನಾಟಕದಲ್ಲಿ ಬನ್ನಿಯ ಎಲೆಯನ್ನೂ ಮಹಾರಾಷ್ಟ್ರದಲ್ಲಿ ಆಪಟಾ ಮರದ ಎಲೆಯನ್ನೂ ಬಂಗಾರವೆಂದು ಹಂಚುವುದಕ್ಕೆ ಈ ಕಥೆಯನ್ನು ಕಾರಣವಾಗಿ ಹೇಳುವುದುಂಟು. ಕೌತ್ಸನು ವರತಂತು ಮುನಿಯ ಶಿಷ್ಯ. ವಿದ್ಯೆ ಮುಗಿದ ಮೇಲೆ ಗುರುದಕ್ಷಿಣೆ ಏನು ಕೊಡಲೆಂದು ಕೇಳಿದನು. ನಿನ್ನ ಭಕ್ತಿಯೇ ಸಾಕೆಂದು ಗುರು ಹೇಳಿದನು. ಶಿಷ್ಯನು ಬಿಡಲಿಲ್ಲ, ಮತ್ತೆ ಮತ್ತೆ ಒತ್ತಾಯಿಸಿದನು. ಸಿಟ್ಟಿಗೆದ್ದ ಗುರು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತೆಗೆದುಕೊಂಡು ಬಾ ಎಂದನು. ಕಥೆ ಹೇಳುವವರು ಈ ಭಾಗವನ್ನು ಅವಸರವಾಗಿ ದಾಟಿಸಿ ಬಂಗಾರದ ಮಳೆಯ ಕಡೆಗೆ ಹೋಗುವುದು ವಾಡಿಕೆ. ಆದರೆ ಸಾಲದ ಮನೆಯವನು ನಿಂತು ನೋಡಬೇಕಾದ ಜಾಗ ಇದೇ. ಗುರುವಿನ ಋಣ ಭಕ್ತಿಯಿಂದ ಆಗಲೇ ತೀರಿಹೋಗಿತ್ತು. ಹದಿನಾಲ್ಕು ಕೋಟಿಯ ಹೊರೆಯನ್ನು ಕೌತ್ಸನು ತನ್ನ ಹಟದಿಂದ ತಲೆಯ ಮೇಲೆ ಹೇರಿಕೊಂಡನು. ಊರಿನ ತಾಯಿ ಕೇಳಿದ್ದು ಔಷಧದ ಹಣ, ವರ್ಷಕ್ಕೊಮ್ಮೆ ಮಗನ ಮುಖ. ಹೊಸ ಟಿ.ವಿ.ಯನ್ನು ಅವಳು ಕೇಳಿರಲಿಲ್ಲ.

ಕೌತ್ಸನು ಬಂದು ಕೇಳಿದಾಗ ರಘುವು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ, ಅತಿಥಿಗೆ ಅರ್ಘ್ಯವನ್ನು ಮಣ್ಣಿನ ಪಾತ್ರೆಯಲ್ಲಿ ಕೊಡುವ ಸ್ಥಿತಿಯಲ್ಲಿದ್ದನು. ಮಣ್ಣಿನ ಪಾತ್ರೆಯನ್ನು ಅವನು ಬಚ್ಚಿಡಲಿಲ್ಲ. ನೋಡಿದೊಡನೆ ಕೌತ್ಸನಿಗೆ ರಾಜನ ಪರಿಸ್ಥಿತಿ ತಿಳಿದು ಬೇರೆ ಕಡೆ ಹೋಗಲು ಎದ್ದನು. ಬೇಡಿ ಬಂದವನು ರಘುವಿನ ಬಾಗಿಲಿನಿಂದ ಬರಿಗೈಯಲ್ಲಿ ಹೋದನೆಂಬ ಅಪವಾದಕ್ಕೆ ರಾಜನೂ ಅಂಜಿದನು. ಯಶಸ್ಸಿನ ಚಿಂತೆ ಅವನನ್ನೂ ಬಿಟ್ಟಿರಲಿಲ್ಲ. ಆದರೆ ಅವನು ಕುಬೇರನ ಮೇಲೆ ದಂಡೆತ್ತಲು ಸಜ್ಜಾದನೇ ಹೊರತು ಅವನಿಂದ ಕಡ ತರಲು ಹೋಗಲಿಲ್ಲ. ಕುಬೇರನು ರಾತ್ರಿಯೇ ಭಂಡಾರದಲ್ಲಿ ಚಿನ್ನ ಸುರಿಸಿದನು. ರಘುವು ಎಲ್ಲವನ್ನೂ ಕೊಡುತ್ತೇನೆಂದನು. ಕೌತ್ಸನು ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನದನ್ನು ಬೇಡವೆಂದನು. ಹಟದಿಂದ ಸಾಲಗಾರನಾದವನು ಈಗ ಲೆಕ್ಕ ಕಲಿತಿದ್ದನು.

ಅದೇ ಕುಬೇರನಿಂದ ತಿರುಪತಿಯ ಶ್ರೀನಿವಾಸನು ಪದ್ಮಾವತಿಯೊಡನೆ ತನ್ನ ಮದುವೆಗಾಗಿ ಸಾಲ ತಂದನೆಂದು ವೆಂಕಟಾಚಲ ಮಾಹಾತ್ಮ್ಯ ಹೇಳುತ್ತದೆ. ಇಂದಿಗೂ ಹುಂಡಿಯ ಕಾಣಿಕೆ ಆ ಬಡ್ಡಿಗೆ ಸಲ್ಲುತ್ತದೆಂಬುದು ಭಕ್ತರ ನಂಬಿಕೆ. ಮದುವೆಗೆ ಸಾಲ ಮಾಡಿದವರು ದೇವರೇ ಮಾಡಿದನಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಆದರೆ ಶ್ರೀನಿವಾಸನ ಸಾಲವನ್ನು ಬಲ್ಲದವರು ಯಾರು? ಬ್ರಹ್ಮರುದ್ರರ ಸಾಕ್ಷಿಯಲ್ಲಿ ಪತ್ರವಾಯಿತು. ಲೋಕಕ್ಕೆಲ್ಲ ತಿಳಿಯಿತು. ತಿಳಿದವರೆಲ್ಲ ಒಂದೊಂದು ಕಾಸು ಹಾಕುತ್ತಿದ್ದಾರೆ. ಬಚ್ಚಿಟ್ಟ ಸಾಲಕ್ಕೆ ಆ ಭಾಗ್ಯವಿಲ್ಲ.

ಡೊಂಬಿವಲಿಯ ಮನೆಯಲ್ಲಿ ಕಾರ್ಡಿನ ಬಾಕಿ ಎಷ್ಟೆಂಬುದು ಗಂಡನಿಗೆ ಮಾತ್ರ ಪೂರ್ತಿ ಗೊತ್ತು. ಹೆಂಡತಿಗೆ ಮೂವತ್ತು ಸಾವಿರವೆಂದು ಹೇಳಿದ್ದಾನೆ. ಅವಳೂ ಅಕ್ಕಿಯ ಡಬ್ಬಿಯಲ್ಲಿ ತನ್ನದೊಂದು ಚಿಕ್ಕ ಗಂಟು ಇಟ್ಟುಕೊಂಡಿದ್ದಾಳೆ, ಅದು ಅವನಿಗೆ ಗೊತ್ತಿಲ್ಲ. ಇಬ್ಬರೂ ಕೂತು ಬರೆದ ಪಟ್ಟಿ ಎರಡು ಸುಳ್ಳುಗಳ ಮೇಲೆ ನಿಂತಿದೆ. ಪ್ರತಿ ವರ್ಷ ಮನೆಯಲ್ಲಿ ಸತ್ಯನಾರಾಯಣ ಪೂಜೆ ತಪ್ಪದೆ ನಡೆಯುತ್ತದೆ. ಅದರ ಕಥೆಯಲ್ಲಿ ಸಾಧುವೆಂಬ ವ್ಯಾಪಾರಿಯು ಹಡಗಿನಲ್ಲಿ ಧನವನ್ನು ತುಂಬಿಕೊಂಡಿದ್ದೂ, ಕೇಳಿದ ಸಂನ್ಯಾಸಿಗೆ ಬರಿಯ ಎಲೆಬಳ್ಳಿಗಳಿವೆ ಎಂದು ಸುಳ್ಳಾಡುತ್ತಾನೆ, ಹಡಗಿನ ತುಂಬ ಎಲೆಬಳ್ಳಿಗಳೇ ಆಗುತ್ತವೆ. ನಗರದ ಗೃಹಸ್ಥನದು ತಿರುವುಮುರುವಾದ ಸುಳ್ಳು. ಹಡಗಿನಲ್ಲಿ ಎಲೆಬಳ್ಳಿಗಳಿದ್ದೂ ಧನವಿದೆ ಎನ್ನುತ್ತಾನೆ. ಅದರ ಫಲವನ್ನು ಆ ಕಥೆ ಹೇಳಲಿಲ್ಲ, ಬ್ಯಾಂಕಿನ ಪತ್ರ ಹೇಳುತ್ತದೆ.

ವಿಜ್ಞಾನೇಶ್ವರನ ಕಲ್ಯಾಣದಲ್ಲಿಯೇ, ಕೆಲವು ದಶಕಗಳ ನಂತರ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೇಕೆ ತಂದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ಆಸೆಯ ನಿರಾಕರಣೆಯೆಂದು ಹೇಳುವುದು ರೂಢಿ. ಅದು ನಿಜವೇ. ಆದರೆ ಇನ್ನೊಂದನ್ನೂ ಕಾಣಬಹುದು. ಮನೆಗೆ ಎಷ್ಟು ಬಂತು, ಎಷ್ಟು ಬೇಕು ಎಂಬುದು ಅವಳಿಗೆ ಪೂರ್ತಿ ತಿಳಿದಿತ್ತು. ತಿಳಿದುದರಿಂದಲೇ ಹೆಚ್ಚಿನದು ಹೆಚ್ಚಿನದೆಂದು ಗುರುತಿಸಲು ಬಂತು. ದಾಸೋಹ ನಿಂತಿತೆ? ನಿಲ್ಲಲಿಲ್ಲ. ಆಯ್ದ ಅಕ್ಕಿಯ ಗಾತ್ರದಲ್ಲಿಯೇ ನಡೆಯಿತು. ಕೊಡುವುದನ್ನು ನಿಲ್ಲಿಸಿದರೆ ಕೈ ಒಣಗುತ್ತದೆಂಬ ಆಕ್ಷೇಪಕ್ಕೆ ಉತ್ತರ ಈ ಮನೆಯಲ್ಲಿದೆ.

ಕನ್ನಡಿಗರ ಮನೆಗಳಲ್ಲಿ ಮುಡಿಪು ಕಟ್ಟುವ ಪದ್ಧತಿ ಇಂದಿಗೂ ಉಂಟು. ತಿಮ್ಮಪ್ಪನಿಗೋ ಮಂಜುನಾಥನಿಗೋ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟರೆ, ಮನೆಯಲ್ಲಿ ಹಾಲಿಗೆ ಕಾಸಿಲ್ಲದಿದ್ದರೂ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಅದು ತನ್ನ ಹಣವಲ್ಲವೆಂಬುದು ಮಗುವಿಗೂ ಗೊತ್ತು. ಆಯವ್ಯಯದ ಪಟ್ಟಿಗೆ ಅಂಟಿಕೊಳ್ಳಲಾಗದೆಂದು ಕೊರಗುವ ಮನೆಗಳಲ್ಲಿಯೇ ಮುಡಿಪು ಎಂದೂ ಕೆಟ್ಟಿಲ್ಲ. ಸಾಲದ ಕಂತು ಕೂಡ ತನ್ನ ಹಣವಲ್ಲ. ಅದನ್ನು ತಿಂಗಳ ಕೊನೆಯಲ್ಲಿ ಉಳಿದುದರಿಂದ ಕೊಡುವುದಕ್ಕೂ ಮೊದಲ ತಾರೀಖಿನಂದೇ ಮುಡಿಪಿನಂತೆ ಎತ್ತಿಡುವುದಕ್ಕೂ ಬಹಳ ಅಂತರ.

ಆ ಮನೆಯ ನೋಟುಪುಸ್ತಕವನ್ನು ಹೀಗೆ ಮತ್ತೆ ಬರೆದರೆ ಹಲವು ಸಾಲುಗಳು ಹಾಗೆಯೇ ಉಳಿಯುತ್ತವೆ. ತಾಯಿಯ ಔಷಧ ಕದಲುವುದಿಲ್ಲ, ಅದು ಋಣವೂ ಹೌದು, ಧರ್ಮವೂ ಹೌದು. ಆಭರಣದಂಗಡಿಯ 2,500 ನಿಲ್ಲಬೇಕು. ತಿಂಗಳಿಗೆ ಮೂರೂವರೆಯ ಬಡ್ಡಿ ತೆರುತ್ತ ಮಗಳಿಗೆ ಚಿನ್ನ ಕೂಡಿಸುವುದು ಸೋರುವ ಕೊಡದಲ್ಲಿ ಪಾಯಸ ತುಂಬಿದಂತೆ. ಭಾನುವಾರದ ಹೋಟೆಲು ನಿಂತರೆ ಬರುವ ಒಂದು ಸಾವಿರ ‘ಇತರೆ’ಗೆ ಸಾಕಾಗಬೇಕು. ಒಂದು ಜ್ವರ ಬಂದರೆ ಅದೂ ಸಾಲದು, ಅಂಥ ತಿಂಗಳು ಒಂದೆರಡು ಬಂದೇ ಬರುತ್ತವೆ. ಹಳೆಯ 3,500, ಚಿನ್ನದ 2,500 ಸೇರಿ ಕಾರ್ಡಿಗೆ 6,000. ಗೊಂಬೆಯ ಹಬ್ಬಕ್ಕೆ ಹೊಸ ಗೊಂಬೆ ಬರುವುದಿಲ್ಲ. ಪಟ್ಟದ ಗೊಂಬೆಗಳಿಗೆ ಹಳೆಯ ಸೀರೆಯ ಜರಿಯಂಚು ಸಾಕು. ಕಡಲೆಯ ಉಸಲಿ ಎಂದಿನಂತೆ ನಡೆಯುತ್ತದೆ. ಸಂಘದವರು ಬಂದಾಗ ಚಿಕ್ಕ ರಶೀದಿ ಹರಿಸಬೇಕು, ಅಥವಾ ಪೆಂಡಾಲಿನಲ್ಲಿ ಎರಡು ಸಂಜೆ ಕುರ್ಚಿ ಹಾಕಲು ಬರುತ್ತೇನೆನ್ನಬೇಕು. ಕುರ್ಚಿ ಹಾಕುವವರು ಯಾವ ಸಂಘದಲ್ಲಿಯೂ ಸಾಕಷ್ಟು ಇರುವುದಿಲ್ಲ.

ಇನ್ನು ಅಕ್ಕನಿಗೆ ಹೇಳುವ ಮಾತು. ಮಾಘಮಾಸದಲ್ಲಿ ಅವಳ ಎರಡನೆಯ ಮಗಳ ಮದುವೆ. ಇಬ್ಬರೇ ಬರುತ್ತೇವೆ, ರೈಲಿನಲ್ಲಿ ಬರುತ್ತೇವೆ, ಸೀರೆ ತರುತ್ತೇವೆ, ಬೆಳ್ಳಿ ತರಲಾರೆವು, ಹಿಂದಿನದೇ ಇನ್ನೂ ತೀರಿಲ್ಲ ಎಂದು ಫೋನಿನಲ್ಲಿ ಹೇಳಬೇಕು. ಒಂದು ವಾರ ಮೊದಲೇ ಹೋಗಿ ಚಪ್ಪರಕ್ಕೆ, ಅಡುಗೆಗೆ, ಬೀಗರ ಸತ್ಕಾರಕ್ಕೆ ನಿಲ್ಲುತ್ತೇನೆ ಎಂಬುದನ್ನೂ ಹೇಳಬಹುದು, ರಜೆ ಸಿಕ್ಕಿದರೆ. ಅಕ್ಕ ಸುಮ್ಮನಾಗಬಹುದು. ಬೇಸರಪಡಬಹುದು. ಆ ಸೀರೆಯನ್ನೂ ತರಬೇಡವೆನ್ನಬಹುದು. ಈ ಮಾತಿಗೆ ಮೊದಲು ಹೆಂಡತಿಗೆ ಹೇಳಬೇಕಾದುದು ಇನ್ನೊಂದಿದೆ: ಮೂವತ್ತಲ್ಲ, ಐವತ್ತು.

ತಿಂಗಳಿಗೆ 6,000ದಂತೆ ಕಟ್ಟಿದರೆ, ಹೊಸದೇನನ್ನೂ ಸೇರಿಸದಿದ್ದರೆ, ಆ ಬಾಕಿ ಹನ್ನೊಂದನೆಯ ತಿಂಗಳಿಗೆ ತೀರುತ್ತದೆ. ಈ ನವರಾತ್ರಿಯಲ್ಲಿ ಆರಂಭಿಸಿದರೆ ಮುಂದಿನ ಗಣಪತಿಯ ಹಬ್ಬದ ಸುಮಾರಿಗೆ.